ಮಂಡಿ ಇಂಪ್ಲಾಂಟ್ ಸಡಿಲ ಆಗಿದೆ ಅಂತಾರೆ, ರಿವಿಷನ್‌ಗೆ (ಮರು ಆಪರೇಷನ್‌ಗೆ) ಮುಂಚೆ ಯಾವ ಪರೀಕ್ಷೆ ಆಗಲೇಬೇಕು?

ಮಲ್ನಾಡ್_ಹುಡುಗಿ:
ಅಮ್ಮನಿಗೆ 67 ವರ್ಷ. ಮಂಡಿ ಸವೆತಕ್ಕೆ 2017ರಲ್ಲಿ ಬಲಗಾಲಿನ ಕೀಲು ಬದಲಿಸಿತ್ತು. ಈಗ ಕುರ್ಚಿಯಿಂದ ಎದ್ದು ಮೊದಲ ಹೆಜ್ಜೆ ಇಡುವಾಗ ನೋವು. ಎಕ್ಸ್‌ರೇಯಲ್ಲಿ ಕೆಳಗಿನ ಲೋಹದ ತಟ್ಟೆಯ ಅಡಿ ಕಪ್ಪು ಗೆರೆ ಇದೆ. ಉರಿಯೂತ ತೋರಿಸುವ ರಕ್ತ ಪರೀಕ್ಷೆಗಳಲ್ಲಿ ಇಎಸ್‌ಆರ್ 48, ಸಿಆರ್‌ಪಿ ಲೀಟರಿಗೆ 19 ಮಿ.ಗ್ರಾಂ. ಜ್ವರ ಇಲ್ಲ. ಹತ್ತು ದಿನ ಆ್ಯಂಟಿಬಯಾಟಿಕ್ ಬರೆದಿದ್ದಾರೆ, ಆಮೇಲೆ ರಿವಿಷನ್ ಅಂತೆ. ಎರಡು ಲೋಹದ ನಡುವಿನ ಪ್ಲಾಸ್ಟಿಕ್ ಮಾತ್ರ ಬದಲಿಸಿದರೆ ಸಾಲದೇ?

ಮೂಳೆಮಾತು:
ಮಾತ್ರೆ ಶುರು ಮಾಡುವ ಮುಂಚೆಯೇ ಡಾಕ್ಟರ ಹತ್ತಿರ ಒಂದು ಮಾತು ಕೇಳಿ: ‘ಮೊದಲು ಮಂಡಿಯ ನೀರು ತೆಗೆದು ಪರೀಕ್ಷೆ ಮಾಡಿಸೋಣವಾ?’ ಸಿಆರ್‌ಪಿ 10 ದಾಟಿದೆ, ಇಎಸ್‌ಆರ್ 30 ದಾಟಿದೆ. ಇಷ್ಟರಿಂದಲೇ ಸೋಂಕು ಅನ್ನಲಾಗದು, ಆದರೆ ಇಲ್ಲ ಅಂತ ತಳ್ಳಿಹಾಕುವ ಹಾಗೂ ಇಲ್ಲ. ಹಳೇ ಇಂಪ್ಲಾಂಟಿನ ಸೋಂಕು ಜ್ವರವಿಲ್ಲದೆ, ಬರೀ ನೋವು ಮತ್ತು ಸಡಿಲವಾಗಿಯೇ ಕಾಣಿಸಿಕೊಳ್ಳಬಹುದು. ಆ್ಯಂಟಿಬಯಾಟಿಕ್ ಹೊಟ್ಟೆಗೆ ಹೋದರೆ ಕಲ್ಚರ್‌ನಲ್ಲಿ (ಆ ನೀರಿನ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಏನೂ ಬೆಳೆಯದೇ ಇರಬಹುದು. ಈಗಾಗಲೇ ತಗೊಂಡಿದ್ದರೆ ಸಾಮಾನ್ಯವಾಗಿ ಎರಡು ವಾರವಾದರೂ ನಿಲ್ಲಿಸಿ ನೀರು ತೆಗೀತಾರೆ. ಚಳಿಜ್ವರ ಬಂದರೆ, ಮಂಡಿ ಕೆಂಪಾಗಿ ಊದಿದರೆ ಕಾಯಬೇಡಿ, ಅದೇ ದಿನ ತೋರಿಸಿ.

ನೀರಿನಲ್ಲಿ ಬಿಳಿ ರಕ್ತಕಣ ಮೈಕ್ರೋಲೀಟರಿಗೆ 3000 ಮೀರಿ, ಅದರಲ್ಲಿ ನ್ಯೂಟ್ರೋಫಿಲ್ ಅನ್ನುವ ಬಗೆಯ ಕಣ ಶೇ. 80ರ ಮೇಲಿದ್ದರೆ ಸೋಂಕಿನ ಅನುಮಾನ ಗಟ್ಟಿ. ಕಲ್ಚರ್ 14 ದಿನ ಇಡಲು ಹೇಳಿ. ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಾ ಐದೇ ದಿನಕ್ಕೆ ಮುಗಿಸಿದರೆ ಸಿಗುವುದಿಲ್ಲ. ನಮ್ಮ ಕಡೆ ಕ್ಷಯ ಮತ್ತು ಫಂಗಸ್ ಪರೀಕ್ಷೆಯನ್ನೂ ಕೇಳುವುದು ಒಳ್ಳೆಯದು.

ಆಪರೇಷನ್ ಆದ ಕೂಡಲೇ ತೆಗೆದ ಎಕ್ಸ್‌ರೇ ಹುಡುಕಿ. ಗೆರೆ 2 ಮಿ.ಮೀ.ಗಿಂತ ದಪ್ಪವಾ, ಅಥವಾ ವರ್ಷದಿಂದ ವರ್ಷಕ್ಕೆ ಅಗಲವಾಗ್ತಿದೆಯಾ ಅನ್ನುವುದೇ ಮುಖ್ಯ.

ಓಟಿ_ಸಿಸ್ಟರ್:
ಪ್ಲಾಸ್ಟಿಕ್ ಮಾತ್ರ ಬದಲಿಸಬೇಕಾದರೆ ಮೇಲಿನ, ಕೆಳಗಿನ ಎರಡೂ ಲೋಹ ಗಟ್ಟಿಯಾಗಿ, ನೇರವಾಗಿ ಕೂತಿರಬೇಕು. ತಟ್ಟೆಯೇ ಅಲ್ಲಾಡ್ತಿದ್ದರೆ ಹೊಸ ಪ್ಲಾಸ್ಟಿಕ್ಕಿನಿಂದ ನೋವು ಹೋಗಲ್ಲ. ಹಳೇ ಫೈಲಿನಲ್ಲಿ ಇಂಪ್ಲಾಂಟಿನ ಸ್ಟಿಕ್ಕರ್ ಅಂಟಿಸಿರ್ತಾರೆ, ಕಂಪನಿ, ಸೈಜು, ಲಾಟ್ ನಂಬರ್ ಎಲ್ಲ ಅದರಲ್ಲೇ. ತಪ್ಪದೆ ಕೊಂಡೊಯ್ಯಿರಿ. ಬೇರೆ ಕಂಪನಿಯ ಪ್ಲಾಸ್ಟಿಕ್ ಆ ತಟ್ಟೆಗೆ ಕೂರಲ್ಲ.

ಹಳೇದನ್ನು ಬಿಡಿಸುವುದೇ ಕಷ್ಟದ ಕೆಲಸ. ತೆಳು ಗರಗಸ, ಉಳಿಗಳನ್ನು ಲೋಹ ಮತ್ತು ಅದನ್ನು ಮೂಳೆಗೆ ಅಂಟಿಸಿದ ಸಿಮೆಂಟಿನ ನಡುವೆ ಆಡಿಸಬೇಕು. ಸಿಮೆಂಟ್ ಮತ್ತು ಮೂಳೆಯ ನಡುವೆ ಹೋದರೆ ಮೂಳೆಯೇ ಕಿತ್ತು ಬರುತ್ತೆ. ಆದ ಹಳ್ಳವನ್ನು ಲೋಹದ ತುಂಡು, ಕೋನ್ ಅಥವಾ ಸ್ಲೀವ್ ಇಟ್ಟು ತುಂಬಿ, ಮೂಳೆಯೊಳಗೆ ಇಳಿಯುವ ಉದ್ದ ಕಾಂಡದ ಇಂಪ್ಲಾಂಟ್ ಹಾಕ್ತಾರೆ. ಪಕ್ಕದ ಲಿಗಮೆಂಟ್ ಪೂರ್ತಿ ಹೋಗಿದ್ದರೆ ಹಿಂಜ್ ಮಾದರಿ (ಬಾಗಿಲ ತಿರುಗಣಿಯಂತೆ ಮೇಲಿನ, ಕೆಳಗಿನ ಭಾಗ ಜೋಡಿಸಿದ್ದು) ಬೇಕಾಗಬಹುದು. ಹಾಗಾಗಿ ಆವತ್ತು ಯಾವ ಯಾವ ಸೆಟ್ ತರಿಸಿರ್ತೀರಿ ಅಂತ ಮೊದಲೇ ಕೇಳಿ.

ಮಲ್ನಾಡ್_ಹುಡುಗಿ:
ಸೋಂಕು ಅಂತಲೇ ಬಂದರೆ?

ಮೂಳೆಮಾತು:
ಇಷ್ಟು ಹಳೇದಾಗಿ ಸಡಿಲವೂ ಆಗಿದ್ದರೆ ತೊಳೆದು ಬಿಡುವುದು ಸಾಲದು. ಹೆಚ್ಚಾಗಿ ಎರಡು ಹಂತದಲ್ಲಿ ಮಾಡ್ತಾರೆ. ಮೊದಲು ಎಲ್ಲ ತೆಗೆದು, ಐದಾರು ಕಡೆಯಿಂದ ಅಂಗಾಂಶದ ಸ್ಯಾಂಪಲ್ ತೆಗೆದು, ಆ್ಯಂಟಿಬಯಾಟಿಕ್ ಬೆರೆಸಿದ ಸಿಮೆಂಟ್ ಸ್ಪೇಸರ್ (ಖಾಲಿ ಜಾಗ ಹಿಡಿದಿಡುವ ತಾತ್ಕಾಲಿಕ ತುಂಡು) ಇಡ್ತಾರೆ. ಸುಮಾರು ಆರು ವಾರ ಔಷಧ. ಸಿಆರ್‌ಪಿ ಇಳಿದು ಗಾಯ ಒಣಗಿದ ಮೇಲೆ ಹೊಸ ಕೀಲು. ಒಂದೇ ಹಂತದಲ್ಲೂ ಮಾಡುವವರಿದ್ದಾರೆ, ಆದರೆ ಅದಕ್ಕೆ ಯಾವ ಕ್ರಿಮಿ, ಯಾವ ಔಷಧಕ್ಕೆ ಬಗ್ಗುತ್ತೆ ಅನ್ನುವುದು ಮೊದಲೇ ಗೊತ್ತಿದ್ದರೆ ಒಳ್ಳೆಯದು. ಅಲ್ಲಿಯೂ ಬೇಕಾಗುವುದು ಆ ಕಲ್ಚರ್ ರಿಪೋರ್ಟೇ.

ಫಿಸಿಯೊ_ಧಾರವಾಡ:
ಸ್ಪೇಸರ್ ಮಡಚುವಂಥದ್ದೋ, ಮಡಚದ್ದೋ ಅಂತ ಡಿಸ್ಚಾರ್ಜ್ ದಿನವೇ ಬರೆಸಿಕೊಳ್ಳಿ. ಮಡಚದ ಸ್ಪೇಸರ್ ಇದ್ದರೆ ಮಂಡಿ ಬಗ್ಗಿಸುವ ವ್ಯಾಯಾಮ ಬೇಡ, ಸ್ಪೇಸರ್ ಸರಿದು ಮೂಳೆ ಸವೆಯುತ್ತೆ. ಎಷ್ಟು ಭಾರ ಹಾಕಬಹುದು ಅನ್ನುವುದನ್ನೂ ಸರ್ಜನ್ನೇ ಹೇಳಬೇಕು. ಪಾದವನ್ನು ಮೇಲೆ ಕೆಳಗೆ ಆಡಿಸುವ ವ್ಯಾಯಾಮ ಮಾತ್ರ ಮೊದಲ ದಿನದಿಂದಲೇ ಮಾಡಿಸಬಹುದು.