ಅಜ್ಜಯ್ಯನ ಟ್ರಂಕು ಗುಜರಿಗೆ ಹಾಕೋದಾ ಬೇಡ್ವಾ (ನಮ್ಮನೆ ಗುಂಪಿನ ಜಗಳ)

ಬೆಂಗ್ಳೂರಣ್ಣ: (ಫಾರ್ವರ್ಡ್) ಕಲ್ಲಿನಿಂದ ಕ್ಲೌಡ್‌ವರೆಗೆ!! ಕಲ್ಲು ಒಡೀತದೆ, ಓಲೆಗರಿ ಹುಳ ತಿಂತದೆ, ಕಾಗದ ಪುಡಿ ಆಗ್ತದೆ, ಡಿಜಿಟಲ್ ಒಂದೇ ಶಾಶ್ವತ!! ಹತ್ತು ಜನಕ್ಕೆ ಕಳ್ಸಿ

ಬೆಂಗ್ಳೂರಣ್ಣ: ನಾನು ಹೇಳ್ತಿದ್ದದ್ದೂ ಇದೇ. ಮೂಡಿಗೆರೆ ಮನೆ ಹೆಂಚು ತೆಗ್ಸುವಾಗ ಅಟ್ಟದ ಮೇಲಿನ ಟ್ರಂಕು ಖಾಲಿ ಮಾಡಣ. ಭಾನುವಾರ ಬಂದು ಮೊಬೈಲಲ್ಲಿ ಸ್ಕ್ಯಾನ್ ಹೊಡ್ಕೊತೀನಿ, ಆಮೇಲೆ ಗುಜರಿಗೆ

ಹಾಸನದತ್ತೆ: ಗುಜರಿಗಾ? ಅಪ್ಪಯ್ಯನ ಕೈಬರಹ ಕಣೋ ಅದು

ಚಿಕ್ಕಪ್ಪ: ಅಕ್ಕ ಅದ್ರಲ್ಲಿ ಏನಿದೆ ಅಂತ ನೋಡಿದೀಯ, ಬರೀ ಕಾಫಿ ತೋಟದ ಆಳುಗಳ ಹಾಜರಿ-ಕೂಲಿ ಬರೆಯೋ ಚೆಕ್‌ರೋಲು, ಮಳೆ ಲೆಕ್ಕ, ಯಾವ ಆಳಿಗೆ ಎಷ್ಟು ಬಟವಾಡೆ. ರಾಜರ ಶಾಸನ ಏನಲ್ಲ. ಅರ್ಧ ಗೆದ್ದಲು ತಿಂದದೆ

ನಾನು: ಚಿಕ್ಕಪ್ಪ ಹಂಗನ್ಬೇಡಿ, ಮನುಷ್ಯ ಮೊದ್ಲು ಬರೆದಿದ್ದೇ ಚೆಕ್‌ರೋಲು. ಈಗಿನ ಇರಾಕಲ್ಲಿ ಉರುಕ್ ಅಂತ ಊರಿತ್ತು, 5000 ವರ್ಷಕ್ಕೂ ಹಿಂದೆ ಅಲ್ಲಿ ಹಸಿ ಮಣ್ಣಿನ ಹಲಗೆ ಮೇಲೆ ಜೊಂಡು ಕಡ್ಡೀಲಿ ಒತ್ತಿ ಬರೀತಿದ್ರು, ಕತೆ ಕವಿತೆ ಅಲ್ಲ, ಇಷ್ಟು ಬಾರ್ಲಿ ಬಂತು, ಇಷ್ಟು ಕುರಿ, ಆಳಿಗೆ ಇಷ್ಟು ಬಿಯರು ಅಂತ. ಕತೆ ಬರೆಯೋದು ಎಷ್ಟೋ ನೂರು ವರ್ಷ ಆದ್ಮೇಲೆ ಶುರುವಾಗಿದ್ದು

ಚಿಕ್ಕಪ್ಪ: ಬಿಯರಾ? ನಮ್ಮ ಆಳುಗಳಿಗೆ ಹೇಳ್ಬೇಡ ಮಾರಾಯ

ಬೆಂಗ್ಳೂರಣ್ಣ: ಅದು ಮಣ್ಣು ಕಣೋ. ನಿನೆವೆ ಅನ್ನೋ ಊರಿಗೆ ಬೆಂಕಿ ಬಿದ್ದಾಗ ಅರಮನೆ ಸುಟ್ಟೋದ್ರೂ ಹಲಗೆ ಇಟ್ಟಿಗೆ ತರ ಗಟ್ಟಿ ಆಗಿ ಉಳೀತು. ಅಜ್ಜಯ್ಯಂದು ಕಾಗದ, ಅದೂ ಮಲೆನಾಡಿನ ಮಳೇಲಿ

ಹಾಸನದತ್ತೆ: ಕಲ್ಲು ಒಡೀತದೆ ಅಂತ ಹಾಕಿದೀಯಲ್ಲ, ಬೇಲೂರಿಗೆ ವರ್ಷಕ್ಕೆರಡು ಸಲ ಬತ್ತೀಯ, ಪಕ್ಕದ ಹಲ್ಮಿಡಿಗೆ ಒಂದ್ಸಲ ಹೋಗಿದೀಯ? ಕ್ರಿ.ಶ. 450ರ ಸುಮಾರಿನ ಕನ್ನಡ ಶಾಸನದ ಕಲ್ಲು, 16 ಸಾಲು, ಇವತ್ತಿಗೂ ಓದ್ಬೋದು. ನಾನು ಮಕ್ಕಳನ್ನ ಟೂರ್ ಕರ್ಕೊಂಡು ಹೋಗಿದ್ದೆ

ಬೆಂಗ್ಳೂರಣ್ಣ: ಅತ್ತೆ ಅಸಲಿ ಕಲ್ಲು ಮೈಸೂರಲ್ಲಿದೆ. ಊರಲ್ಲಿರೋದು ಅದರ ಪ್ರತಿಕೃತಿ. ಅಂದ್ರೆ ನೀವೂ ಕಾಪಿನೇ ನೋಡ್ಕೊಂಡು ಬಂದಿದ್ದು

ಬೆಂಗ್ಳೂರಣ್ಣ: ಇನ್ನೊಂದು, ಬಿ.ಎಲ್. ರೈಸ್ ಸಾಹೇಬ್ರು ಹಾಸನ ಜಿಲ್ಲೆ ಶಾಸನಗಳ ಸಂಪುಟ ಅಚ್ಚು ಹಾಕ್ಸಿದ್ದು 1902ರಲ್ಲಿ, ಆಗ್ಲೂ ಈ ಕಲ್ಲು ಸಿಕ್ಕಿರ್ಲಿಲ್ಲ. 1936ರಲ್ಲಿ ಪುರಾತತ್ವದ ಎಂ.ಎಚ್. ಕೃಷ್ಣ ಅವರ ಕಣ್ಣಿಗೆ ಬಿತ್ತು. ಅಲ್ಲೀವರೆಗೆ ಕಲ್ಲು ಇದ್ದೂ ಏನು ಪ್ರಯೋಜನ? ಓದೋರಿಲ್ದಿದ್ರೆ ಅದೂ ಒಂದು ಬಂಡೆ

ನಾನು: ಇದು ಮಾತ್ರ ಸರಿಯಾಗಿ ಹೇಳ್ದೆ ಅಣ್ಣ. ಈಗ ನಿನ್ನ ಡಿಜಿಟಲ್ಲಿಗೆ ಬರಣ. 2003ರಲ್ಲಿ ನೀನು ವಂಶಾವಳಿ ಟೈಪ್ ಮಾಡಿ ಎಲ್ರಿಗೂ ಒಂದೊಂದು ಸಿಡಿ ಕೊಟ್ಟಿದ್ದೆ. ಹೋದ ತಿಂಗಳು ಯಾರ್ದೋ ಹಳೇ ಕಂಪ್ಯೂಟರಲ್ಲಿ ಹಾಕಿ ನೋಡ್ದೆ, ಆ ಕಾಲದ ಫಾಂಟ್ ಇಲ್ದೆ ಅಜ್ಜಯ್ಯನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಡಾಲರ್ ಗುರ್ತು, ಪ್ರಶ್ನೆ ಚಿಹ್ನೆ! ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ತುಂಡು ಕೂರ್ಸಿದ್ವು, ಕನ್ನಡ ಅಕ್ಷರಕ್ಕೇ ಬೇರೆ ನಂಬರ್ ಇರೋ ಯೂನಿಕೋಡಲ್ಲಿ ಟೈಪ್ ಮಾಡಿದ್ರೆ ಈ ಗತಿ ಬರ್ತಿರ್ಲಿಲ್ಲ

ಬೆಂಗ್ಳೂರಣ್ಣ: ಅದು ಕನ್ವರ್ಟ್ ಮಾಡ್ಬೋದು

ನಾನು: ಮಾಡ್ದೋರು ಯಾರು? ಇಪ್ಪತ್ತು ವರ್ಷಕ್ಕೇ ಹಿಂಗೆ. ಇಂಗ್ಲೆಂಡಲ್ಲಿ 1086ರಲ್ಲಿ ರಾಜ ಜಮೀನು ಲೆಕ್ಕ ಬರೆಸಿದ ಡೂಮ್ಸ್‌ಡೇ ಪುಸ್ತಕ ಇದೆ, ಕುರಿ ಚರ್ಮದ ಮೇಲೆ, ಅದಕ್ಕೆ 900 ವರ್ಷ ಆಯ್ತು ಅಂತ ಬಿಬಿಸಿಯೋರು 1986ರಲ್ಲಿ ಹೊಸ ಡೂಮ್ಸ್‌ಡೇ ಮಾಡಿ ಲೇಸರ್ ಡಿಸ್ಕಿಗೆ ಹಾಕಿದ್ರು. ಹದಿನೈದು ವರ್ಷ ಆಗೋದ್ರೊಳಗೆ ಆ ಡಿಸ್ಕ್ ಓದೋ ಮಿಶನ್ನೇ ಹುಡುಕ್ಕೊಂಡು ಒದ್ದಾಡಿದ್ರು. ಚರ್ಮದ ಪುಸ್ತಕ ಈಗ್ಲೂ ಓದ್ತವ್ರೆ

ಹಾಸನದತ್ತೆ: ಹಂಗೆ ಹೇಳು! ಶೃಂಗೇರಿ ಮಠದಲ್ಲಿ ಹಳೇ ಕಡತಗಳು ಇಲ್ವಾ. ಕಡತ ಅಂದ್ರೆ ಮೊದ್ಲು ಈಗಿನ ಫೈಲಲ್ಲ, ಬಟ್ಟೆಗೆ ಹುಣಸೆಬೀಜದ ಅಂಟು ಇದ್ದಿಲು ಪುಡಿ ಬಳಿದು ಕಪ್ಪು ಮಾಡಿ, ಮಡಚಿ ಮಡಚಿ ಪುಸ್ತಕದ ತರ ಇಟ್ಕೊಂಡು ಬಳಪದಲ್ಲಿ ಬರೀತಿದ್ರು. ಬೇಡ ಅಂದ್ರೆ ಒರೆಸಿ ಮತ್ತೆ ಬರೀಬೋದಿತ್ತು

ಚಿಕ್ಕಪ್ಪ: ಓಹೋ ಹಂಗಾರೆ ನಮ್ಮ ಪೋಡಿ ಕಡತ 3 ವರ್ಷದಿಂದ ಒಂದು ಆಫೀಸಲ್ಲಿ ಸಿಗ್ತಿಲ್ಲ, ಒರೆಸ್ಬಿಟ್ಟವ್ರೆ ಅಂತ ಕಾಣ್ತದೆ

ನಾನು: ನನ್ನ ಲೆಕ್ಕದಲ್ಲಿ ಯಾವುದರ ಮೇಲೆ ಬರೆದ್ರು ಅನ್ನೋದಕ್ಕಿಂತ ಯಾರು ಮತ್ತೆ ಮತ್ತೆ ನಕಲು ಮಾಡಿದ್ರು ಅನ್ನೋದೇ ಮುಖ್ಯ. ಓಲೆಗರಿ ಹುಳ ತಿನ್ನೋದ್ರೊಳಗೆ ಇನ್ನೊಬ್ಬ ಕೂತು ಹೊಸ ಗರಿಗೆ ಇಳಿಸ್ದ, ಅದಕ್ಕೇ ಪಂಪ ನಮಗೆ ಸಿಕ್ಕಿದ್ದು. ಸ್ಕ್ಯಾನ್ ಮಾಡು ಅಣ್ಣ, ಬೇಡ ಅನ್ನಲ್ಲ, ನಾಕು ಮನೇಲಿ ನಾಕು ಕಾಪಿ ಇಡು. ಟ್ರಂಕೂ ಇರ್ಲಿ. ಕಾಫಿ ಹೂ ಅರಳ್ಸೋ ಹೂಮಳೆ ಯಾವ ವರ್ಷ ಯಾವತ್ತು ಬಂತು, ಅದಾದ್ಮೇಲೆ ಕಾಯಿ ಕಟ್ಟೋಕೆ ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ಸೆಂಟು (ಇಂಚಿನ ನೂರನೇ ಒಂದು ಭಾಗ), ಈ ತೋಟದ್ದು ಇನ್ನೆಲ್ಲೂ ಸಿಗಲ್ಲ

ಅಪ್ಪ: (ಫೋಟೋ) ಈಗಷ್ಟೇ ಟ್ರಂಕು ತೆಗೆದೆ. ಓದಿ

ಚಿಕ್ಕಪ್ಪ: 11 ಜುಲೈ 1958. ಮಳೆ 4 ಇಂಚು 35 ಸೆಂಟು. ಆಳು ಬರಲಿಲ್ಲ. ಬೆಳಗಿನ ಜಾವ ಹೆಣ್ಣು ಮಗು.

ಬೆಂಗ್ಳೂರಣ್ಣ: ಅತ್ತೆ ಇದು ನೀವೇ ಅಲ್ವಾ!! ಆದ್ರೆ ನಿಮ್ದು 59 ಅಂತಿದ್ರಲ್ಲ

ಚಿಕ್ಕಪ್ಪ: ಸ್ಕೂಲಿಗೆ ಸೇರ್ಸುವಾಗ ಮೇಷ್ಟ್ರು 59 ಅಂತ ಬರ್ಕೊಂಡವ್ರೆ. ಅಕ್ಕ ಒಂದು ವರ್ಷ ಜಾಸ್ತಿ ಸರ್ವೀಸು ಮಾಡಿದ್ಯಲ್ಲೇ

ಹಾಸನದತ್ತೆ: ಅಣ್ಣಯ್ಯ ಆ ಫೋಟೋ ಮೊದ್ಲು ತೆಗಿ

ಹಾಸನದತ್ತೆ: ಎಲ್ರಿಗೂ ಅಂತ ಒತ್ತು, ನಿಂಗೊಬ್ನಿಗೆ ಅಂತ ಒತ್ಬೇಡ

ಅಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ಬೆಂಗ್ಳೂರಣ್ಣ: ನಾನು ಸೇವ್ ಮಾಡ್ಕೊಂಡೆ ಅತ್ತೆ

ಚಿಕ್ಕಪ್ಪ: ನಾನೂ