ಟ್ರೆಕ್ಕಿಂಗ್ ಬೂಟಿನ ಒಳಗಿನ ಚರ್ಮ ಗಟ್ಟಿಯಾಗಿದೆ, ಏನು ಮಾಡಬೇಕು?

ಪ್ರಶ್ನೆ (ಸಂಡೂರು): ಅಣ್ಣಾ, ನನ್ನ ಟ್ರೆಕ್ಕಿಂಗ್ ಬೂಟಿಗೆ ಹೊರಗೂ ಚರ್ಮ, ಒಳಗೆ ಲೈನಿಂಗೂ ಚರ್ಮ. ಹೊರಗಡೆ ಬ್ರಷ್ ಹೊಡೆದು ವ್ಯಾಕ್ಸ್ ಹಚ್ಚುತ್ತೇನೆ. ಒಳಗೆ ಮಾತ್ರ ಹಿಮ್ಮಡಿ ಕೂರುವ ಜಾಗ ರಟ್ಟಿನ ಹಾಗೆ ಗಟ್ಟಿಯಾಗಿದೆ. ಸಣ್ಣ ಬಿರುಕು ಬಿಟ್ಟಿದೆ, ಬಿಳಿ ಗೆರೆಗಳೂ ಕಾಣುತ್ತಿವೆ. ರಾಮಗಡದ ಕಡೆ ಹತ್ತಿ ಇಳಿದರೆ ಹಿಮ್ಮಡಿಯಲ್ಲಿ ಗುಳ್ಳೆ ಗ್ಯಾರಂಟಿ. ಮನೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚು ಅಂತಾರೆ. ಹಚ್ಚಲಾ?

ಉತ್ತರ (ಬೂಟು ರಿಪೇರಿ, ಬಳ್ಳಾರಿ): ಹಚ್ಚಬೇಡಿ. ಆ ಬಿಳಿ ಗೆರೆ ಇದೆಯಲ್ಲ, ಅದು ಉಪ್ಪು, ನಿಮ್ಮ ಬೆವರಿನದೇ. ಚರ್ಮದ ಲೈನಿಂಗ್ ಇರೋದೇ ಬೆವರು ಹೀರಿಕೊಂಡು ನಿಧಾನಕ್ಕೆ ಹೊರಗೆ ಬಿಡೋಕೆ. ನೀರು ಆರಿ ಹೋಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ, ಪ್ರತಿ ಸಲ ಇನ್ನಷ್ಟು ಸೇರುತ್ತದೆ. ಹಳೇ ಬೆವರು ಕೊಳೆತರೆ ಅಮೋನಿಯಾ ಆಗುತ್ತದೆ, ಅದು ಚರ್ಮದ ಹದವನ್ನೇ ಕೆಡಿಸುತ್ತದೆ. ಇದರ ಮೇಲೆ ಎಣ್ಣೆ ಸುರಿದರೆ ಉಪ್ಪು ಒಳಗೇ ಸಿಕ್ಕಿಕೊಳ್ಳುತ್ತದೆ ಅಷ್ಟೇ. ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ಹಳತಾದರೆ ಕಮಟು ವಾಸನೆ, ಸಾಕ್ಸ್‌ಗೆಲ್ಲ ಕಲೆ. ಚಪ್ಪಲಿಗೆ ಹರಳೆಣ್ಣೆ ಹಾಕೋದು ನಮ್ಮ ಕಡೆ ಹಳೇ ರೂಢಿ, ಅದು ಸರಿ, ಯಾಕಂದರೆ ಚಪ್ಪಲಿಗೆ ಎಲ್ಲಾ ಕಡೆಯಿಂದ ಗಾಳಿ ಆಡುತ್ತದೆ. ಬೂಟಿನ ಒಳಗೆ ಬೇಡ.

ಮೊದಲು ಲೇಸ್ ಪೂರ್ತಿ ಸಡಿಲ ಮಾಡಿ, ನಾಲಿಗೆ ಮುಂದಕ್ಕೆ ಎಳೆದು, ಒಳಗಿನ ಸೋಲ್ ಹೊರಗೆ ತೆಗೆಯಿರಿ. ಸಂಡೂರಿನವರಿಗೆ ಇದನ್ನು ಒತ್ತಿ ಹೇಳುತ್ತೇನೆ: ಒದ್ದೆ ಬಟ್ಟೆ ಮುಟ್ಟಿಸುವ ಮೊದಲು ಆ ಕೆಂಪು ಅದಿರಿನ ಧೂಳನ್ನು ಒಣ ಬ್ರಷ್‌ನಲ್ಲಿ ಪೂರ್ತಿ ಕೊಡವಿ. ಒದ್ದೆಯಾದರೆ ಅದು ಕೆಸರಾಗಿ ಚರ್ಮದ ಸಂದಿಗೆ ಇಳಿಯುತ್ತದೆ. ಆಮೇಲೆ ನಡೆಯುವಾಗ ಉಜ್ಜಿ ಉಜ್ಜಿ ಲೈನಿಂಗ್ ಸವೆಸುತ್ತದೆ.

ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಹಿಮ್ಮಡಿ ಜಾಗ ಒರೆಸಿ. ಬಟ್ಟೆ ತೊಳೆದು ಮತ್ತೆ ಒರೆಸಿ. ಬಿಳಿ ಗೆರೆ ಹೋಗುವವರೆಗೂ ಬಿಡಬೇಡಿ. ಆದರೆ ಗೆರೆ ಇರುವಲ್ಲಿ ಮಾತ್ರ ಒರೆಸಿ ಬಿಟ್ಟರೆ ಒದ್ದೆಯ ಅಂಚಿನಲ್ಲಿ ಹೊಸ ಕಲೆ ನಿಲ್ಲುತ್ತದೆ, ಹಾಗಾಗಿ ಒಳಗೆ ಎಲ್ಲಾ ಕಡೆ ಒಂದೇ ಸಮ ಒರೆಸಿ. ಬಟ್ಟೆ ಸೋಪು, ಸೋಪಿನ ಪುಡಿ ಬೇಡ, ಅವು ಕ್ಷಾರ.

ಒಣಗಿಸೋದು ನೆರಳಲ್ಲೇ, ಫ್ಯಾನ್ ಗಾಳಿಗೆ. ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟರೆ ಮಧ್ಯಾಹ್ನದೊಳಗೆ ಒಣಗಿರುತ್ತದೆ, ಸುಲಭ ಅನ್ನಿಸುತ್ತದೆ. ಚರ್ಮ ಹಾಳಾಗೋದೇ ಅಲ್ಲಿ. ಲೈನಿಂಗ್ ಚರ್ಮ ಎಷ್ಟೋ ಸಲ ಮರದ ತೊಗಟೆಯಲ್ಲಿ ಹದ ಮಾಡಿದ್ದು. ನಮ್ಮ ರಸ್ತೆ ಪಕ್ಕ ಹಳದಿ ಹೂ ಬಿಡುವ ತಂಗಡಿ ಗಿಡ ಗೊತ್ತಲ್ವಾ, ಅದರ ತೊಗಟೆಯಲ್ಲೂ ಹಿಂದಿನಿಂದ ಚರ್ಮ ಹದ ಮಾಡುತ್ತಾ ಬಂದಿದ್ದಾರೆ. ಈ ಬಗೆಯ ಚರ್ಮ ಒದ್ದೆ ಇದ್ದಾಗ 70-80 ಡಿಗ್ರಿ ಬಿಸಿಗೇ ಮುದುಡುತ್ತದೆ, ತೊಗಟೆ ಬದಲು ಕ್ರೋಮ್ ಅನ್ನೋ ರಾಸಾಯನಿಕದಲ್ಲಿ ಹದ ಮಾಡಿದ್ದು 100 ಡಿಗ್ರಿ ಹತ್ತಿರದವರೆಗೆ ತಡೆಯುತ್ತದೆ. ಬಿಸಿಲು ಅಷ್ಟಿಲ್ಲದಿದ್ದರೂ ಗಡಿಬಿಡಿಯಲ್ಲಿ ಒಣಗಿದರೆ ನಾರುಗಳು ಒಂದಕ್ಕೊಂದು ಅಂಟಿ ಬಿರುಸಾಗುತ್ತವೆ.

ಇನ್ನೂ ಸ್ವಲ್ಪ ತಂಪು ಇದೆ ಅನ್ನುವಾಗ ಬಣ್ಣ ಇಲ್ಲದ ಲೆದರ್ ಕ್ರೀಮ್ ಬೆರಳ ತುದಿಯಲ್ಲಿ ತೆಗೆದುಕೊಂಡು ಹಿಮ್ಮಡಿಗೆ, ಪಾದ ಮಡಿಚುವ ಜಾಗಕ್ಕೆ ತೆಳ್ಳಗೆ ಸವರಿ. ರಾತ್ರಿ ಬಿಟ್ಟು ಬೆಳಿಗ್ಗೆ ಉಳಿದದ್ದನ್ನು ಒರೆಸಿ. ವರ್ಷಕ್ಕೆ ಎರಡು ಸಲ ಸಾಕು. ಹೊರಗೆ ಹಾಕುವ ವ್ಯಾಕ್ಸ್ ಒಳಗೆ ಹಾಕಬೇಡಿ, ರಂಧ್ರ ಮುಚ್ಚಿ ಹೋದರೆ ಬೆವರು ಎಲ್ಲಿಗೆ ಹೋಗಬೇಕು? ಬಿದ್ದ ಬಿರುಕು ಮತ್ತೆ ಕೂಡೋದಿಲ್ಲ, ಆದರೆ ಮೆತ್ತಗಾಗುತ್ತದೆ, ಮುಂದೆ ಹೋಗೋದಿಲ್ಲ.

ಪ್ರಶ್ನೆ (ರಾಯಚೂರು): ಸರ್, ನಂದು ಗೋರ್‌ಟೆಕ್ಸ್ ಬೂಟು, ಒಳಗೆ ಬಟ್ಟೆ ಲೈನಿಂಗ್. ಅದೇ ಕ್ರೀಮ್ ನಡೆಯುತ್ತಾ?

ಉತ್ತರ: ಇಲ್ಲ ಸರ್. ಬಟ್ಟೆಗೆ ಕ್ರೀಮ್ ಯಾಕೆ? ಗೋರ್‌ಟೆಕ್ಸ್ ಅಂದರೆ ಬಟ್ಟೆಯ ಹಿಂದೆ ಇರುವ, ನೀರು ತಡೆಯುವ ತೆಳು ಪೊರೆ, ಅದು ಬೆವರಿನ ಆವಿಯನ್ನು ಹೊರಗೆ ಬಿಡಬೇಕು, ಜಿಡ್ಡು ಅದಕ್ಕೆ ಅಡ್ಡ. ಉಗುರುಬೆಚ್ಚಗಿನ ನೀರು, ಮೆತ್ತನೆ ಬ್ರಷ್, ಅಷ್ಟೇ. ಒಳಗೆ ಸೇರಿದ ಮರಳು, ಸಣ್ಣ ಕಲ್ಲು ಮಾತ್ರ ಪ್ರತಿ ಸಲ ಕೊಡವಿ, ಅವು ಪೊರೆಯನ್ನು ತೂತು ಮಾಡುತ್ತವೆ. ಕಾಲುಗುರು ಉದ್ದ ಬಿಡಬೇಡಿ.

ಪ್ರಶ್ನೆ (ಗಂಗಾವತಿ): ಅಣ್ಣಾ, ಆನೆಗೊಂದಿ ಹತ್ತಿರ ಹೊಳೆಗೆ ಇಳಿದು ಚರ್ಮದ ಬೂಟು ಒಳಗೆಲ್ಲ ತೊಯ್ದು ತೊಪ್ಪೆ. ವಾಸನೆ ಬೇರೆ. ಹೇರ್ ಡ್ರೈಯರ್ ಹಿಡಿದು, ಸ್ಯಾನಿಟೈಸರ್ ಹೊಡೆದರೆ ಆಗುತ್ತಾ?

ಉತ್ತರ: ಎರಡೂ ಬೇಡ ಅಕ್ಕಾ. ಡ್ರೈಯರ್ ಬಗ್ಗೆ ಮೇಲೆ ಹೇಳಿದ್ದೇ, ಬಿಸಿ. ಸ್ಯಾನಿಟೈಸರಿನ ಆಲ್ಕೋಹಾಲ್ ಚರ್ಮದ ಜಿಡ್ಡನ್ನು ಎಳೆದು ಒಣಗಿಸುತ್ತದೆ. ಪೇಪರ್ ಮುದ್ದೆ ಮಾಡಿ ತುಂಬಿ, ಗಿಡಿಯಬೇಡಿ, ಸಡಿಲ ಇರಲಿ. ಮೊದಲ ಪೇಪರ್ ಗಂಟೆಯೊಳಗೆ ನೆನೆದು ಭಾರ ಆಗುತ್ತದೆ, ತಕ್ಷಣ ಬದಲಿಸಿ. ಆಮೇಲೆ ಒದ್ದೆ ಆದಾಗೆಲ್ಲ ಬದಲಿಸುತ್ತಾ ಇರಿ. ಲೈನಿಂಗ್ ತಿಳಿ ಬಣ್ಣದ್ದಾದರೆ ಪತ್ರಿಕೆಯ ಮಸಿ ಹತ್ತಬಹುದು, ಮೊದಲು ಹಳೇ ಟವಲ್ ಇಡಿ. ಪೂರ್ತಿ ಆರೋಕೆ ಎರಡು ದಿನ ಹಿಡಿದರೂ ಹಿಡಿಯಲಿ. ಬೂಷ್ಟು ಬಂದಿದ್ದರೆ ವಿನೆಗರ್ ಅರ್ಧ, ನೀರು ಅರ್ಧ ಸೇರಿಸಿ ಒರೆಸಿ, ಮತ್ತೆ ಬರೀ ನೀರಿನ ಬಟ್ಟೆಯಿಂದ ಒರೆಸಿ. ಒಳಗಿನ ಸೋಲ್ ಬೇರೆಯಾಗಿ ಗಾಳಿಗೆ ಇಡಿ, ವಾಸನೆ ಜಾಸ್ತಿ ಇರೋದು ಅದರಲ್ಲೇ.

ಪ್ರಶ್ನೆ (ಸಂಡೂರು): ಅಣ್ಣಾ, ನೀವು ಹೇಳಿದ ಹಾಗೆ ಒರೆಸಿದೆ, ಬಿಳಿ ಗೆರೆ ಹೋಯಿತು, ಈಗ ಬೆರಳಿಗೆ ಮೆತ್ತಗಿದೆ. ಆದರೆ ಬಲಗಾಲಿನದರಲ್ಲಿ ಹಿಮ್ಮಡಿ ಹತ್ತಿರ ಒಂದು ಕಡೆ ಲೈನಿಂಗ್ ಹರಿದೇ ಹೋಗಿದೆ. ಹೊಲಿಸಲಾ?

ಉತ್ತರ: ಆರ್‌ಪಾರ್ ಹೊಲಿಗೆ ಬೇಡ. ಹೊರಗಿನ ಚರ್ಮಕ್ಕೆ ಸೂಜಿ ತೂತು ಬಿದ್ದರೆ ಮಳೆಗಾಲದಲ್ಲಿ ಅಲ್ಲಿಂದಲೇ ನೀರು ಬರುತ್ತದೆ. ತೆಳ್ಳನೆ ಮೇಕೆ ಚರ್ಮದ ತೇಪೆ ಹಾಕಿಸಿ. ತುಂಡಿನ ಅಂಚನ್ನು ಸುತ್ತಲೂ ಕತ್ತಿಯಲ್ಲಿ ಸವರಿ ತೆಳ್ಳಗೆ ಮಾಡಿ ಅಂಟಿಸಬೇಕು. ಹಾಗೇ ಅಂಟಿಸಿದರೆ ಆ ಅಂಚೇ ಕಾಲು ಕಚ್ಚುತ್ತದೆ. ಮಾಡಿಸಿದ ಮೇಲೆ ಕೈ ಒಳಗೆ ಹಾಕಿ ಕಣ್ಣು ಮುಚ್ಚಿ ಸವರಿ ನೋಡಿ, ಅಂಚು ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗಬಾರದು, ಗೊತ್ತಾದರೆ ಅಲ್ಲೇ ವಾಪಸ್ ಕೊಡಿ, ಮುಲಾಜು ಬೇಡ.

ಇನ್ನೊಂದು, ಲೇಸ್ ಬಿಚ್ಚದೆ ಕಾಲು ತುರುಕುತ್ತೀರಾ? ಅಲ್ಲೇ ಹರಿಯೋದು ಹೆಚ್ಚಾಗಿ ಅದರಿಂದ. ಲೇಸ್ ಬಿಚ್ಚಿ ಹಾಕಿ, ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ ಕೂರಿಸಿ, ಆಮೇಲೆ ಕಣಕಾಲಿನ ಹತ್ತಿರ ಬಿಗಿ ಮಾಡಿ. ಹಿಮ್ಮಡಿ ಒಳಗೆ ಮೇಲೆ ಕೆಳಗೆ ಆಡುತ್ತಿದ್ದರೆ ಯಾವ ತೇಪೆಯೂ ನಿಲ್ಲೋದಿಲ್ಲ.