ಸಣ್ಣ ಕ್ಯಾರವಾನ್ ಟ್ರೈಲರ್‌ನ ಕೊಳೆ ನೀರಿನ ಪೈಪ್ ಬದಲಿಸುವುದು ಹೇಗೆ?

ಬದಿಯಡ್ಕ ಮಾಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವನು. ಕನ್ನಡ ಮಾಧ್ಯಮ ಶಾಲೆಯಲ್ಲಿ ಮಾಷ್ಟ್ರಾಗಿದ್ದು ನಿವೃತ್ತನಾದೆ. ಈಗ ಅಡಿಕೆ ತೋಟ, ಎರಡು ದನ. ಹೋದ ವರ್ಷ ಕೊಯಮತ್ತೂರು ಕಡೆಯ ಒಬ್ಬರಿಂದ ಹಳೆಯ ಟ್ರೈಲರ್ ಕೊಂಡೆ. 12 ಅಡಿ ಉದ್ದ, ಒಂದೇ ಆಕ್ಸಲ್. ಬೊಲೆರೊ ಹಿಂದೆ ಕಟ್ಟಿ ಎಳೆಯುವುದು. ಒಳಗೆ ಎರಡು ಹಾಸಿಗೆ, ಮುಂದಿನ ಬದಿಯಲ್ಲಿ ಸಿಂಕ್, ಹಿಂದಿನ ಮೂಲೆಯಲ್ಲಿ ಕೂತು ಸ್ನಾನ ಮಾಡುವಷ್ಟು ಬಚ್ಚಲು. ಅಲ್ಲೇ ಒಂದು ಕಮೋಡ್ ಇದೆ, ಅದರ ಪೆಟ್ಟಿಗೆಯನ್ನು ಎಳೆದು ಹೊರಗೆ ಒಯ್ಯಬಹುದು.

ಇದನ್ನು ಕೊಂಡದ್ದು ಅಮ್ಮನಿಗಾಗಿ. ಅವರಿಗೆ 81. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ ಎಂಬ ಒಂದೇ ಹೆದರಿಕೆಯಿಂದ ಐದಾರು ವರ್ಷದಿಂದ ಎಲ್ಲಿಗೂ ಬರುವುದಿಲ್ಲ. ಮದುವೆ ಮನೆಗೆ ಹೊರಟರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದು ಬಿಡುತ್ತಾರೆ. ಅದನ್ನು ನೋಡಲಿಕ್ಕಾಗುವುದಿಲ್ಲ.

ಈಗ ತೊಂದರೆ ಹೇಳುತ್ತೇನೆ. ಸಿಂಕ್ ಮತ್ತು ಬಚ್ಚಲಿನ ನೀರು ಆಕ್ಸಲ್‌ನ ಹಿಂದೆ ಚಾಸಿಗೆ ಕಟ್ಟಿದ 60 ಲೀಟರ್ ಪ್ಲಾಸ್ಟಿಕ್ ಟ್ಯಾಂಕಿಗೆ ಬೀಳುತ್ತದೆ. ಟ್ಯಾಂಕಿನ ತಳದಿಂದ ಒಂದು ಎಲ್ಬೋ (ಮೊಣಕೈಯಂತೆ ಬಾಗಿದ ಪೈಪ್ ತುಂಡು) ಕೆಳಗಿಳಿದು, ಹಿಂದಕ್ಕೆ ಪೈಪ್ ಹೋಗಿ, ತುದಿಯಲ್ಲಿ ಒಂದಿಂಚಿನ ನಲ್ಲಿ. ಆ ಎಲ್ಬೋಗೂ ನೆಲಕ್ಕೂ 15 ಸೆಂಟಿಮೀಟರ್ ಮಾತ್ರ. ನಮ್ಮ ಮನೆಗೆ ಪಂಚಾಯತ್ ರಸ್ತೆಯಿಂದ ಇಳಿದು ಮತ್ತೆ ಏರಬೇಕು. ಆ ಇಳಿತ ಮುಗಿದು ಏರು ಶುರುವಾಗುವಲ್ಲಿ ಟ್ರೈಲರ್‌ನ ಬಾಲ ನೆಲಕ್ಕೆ ಉಜ್ಜುತ್ತದೆ. ಎಲ್ಬೋ ಎರಡು ಸಲ ಮುರಿಯಿತು. ಎರಡನೇ ಸಲ ಮುಳ್ಳೇರಿಯ ಹತ್ತಿರದ ಒಂದು ಹಂಪ್‌ನಲ್ಲಿ. ಒಬ್ಬರ ಅಂಗಡಿಯ ಎದುರಿಗೇ ನೀರೆಲ್ಲ ಚೆಲ್ಲಿತು. ನಾಲ್ಕು ಕೊಡಪಾನ ನೀರು ಬೇಡಿ ತಂದು ತೊಳೆದು ಬಂದೆ. ತುಂಬ ನಾಚಿಕೆಯಾಯಿತು.

ಎರಡನೆಯದು, ಪೊಸಡಿ ಗುಂಪೆ ಗುಡ್ಡದ ಬುಡದಲ್ಲಿ ಇಳಿಜಾರಿನಲ್ಲಿ ನಿಲ್ಲಿಸಿದ್ದಾಗ ಸಿಂಕಿನಲ್ಲಿ ಪಾತ್ರೆ ತೊಳೆದರೆ ಗಂಜಿ ತಿಳಿ ಬಚ್ಚಲಿನ ಜಾಲರಿಯಿಂದ ಮೇಲೆ ಬಂತು. ಮೂರನೆಯದು ವಾಸನೆ. ಎಷ್ಟು ತೊಳೆದರೂ ಒಂದು ಗಂಟೆ ಓಡಿಸಿದ ಮೇಲೆ ಬಾಗಿಲು ತೆಗೆದರೆ ಮುಖಕ್ಕೆ ಬಡಿಯುತ್ತದೆ. ಸಿಂಕಿನ ಪೈಪ್ ಸುರುಳಿ ಹೋಸು, ನಡುವೆ ಜೋತು ಬಿದ್ದಿದೆ.

ಪೈಪನ್ನು ಪಕ್ಕಕ್ಕೆ ತಿರುಗಿಸಿದರೆ ಆದೀತಾ? ಪಿವಿಸಿ ಕೆಲಸ ನನಗೆ ಬರುತ್ತದೆ, ತೋಟದ ಸ್ಪ್ರಿಂಕ್ಲರ್ ಲೈನ್ ನಾನೇ ಹಾಕಿದ್ದು. ಆದರೆ ಓಡುವ ಗಾಡಿಗೆ ಯಾವ ಲೆಕ್ಕ ಅಂತ ಗೊತ್ತಿಲ್ಲ. ಟ್ಯಾಂಕಿನ ತಳ ನೆಲದಿಂದ 36 ಸೆಂ.ಮೀ. ಇದೆ.

ಕುಂಬಳೆ ಪೈಪಿನವ

ಮಾಷ್ಟ್ರೇ, ನಾನು ಪ್ಲಂಬಿಂಗ್ ಕೆಲಸದವನು. ಎರಡು ಟೆಂಪೋ ಟ್ರಾವೆಲರ್‌ಗೆ ಒಳಗೆ ಬಚ್ಚಲು ಮಾಡಿ ಕೊಟ್ಟಿದ್ದೇನೆ. ನಿಮ್ಮ ಮೂರು ತೊಂದರೆಗೂ ಬೇರೆ ಬೇರೆ ಕಾರಣ ಇದೆ.

ಮೊದಲು ಕೆಳಗಿನ ಪೈಪ್. ಟ್ಯಾಂಕಿನ ತಳಕ್ಕೆ ಎಲ್ಬೋ ಹಾಕಿದರೆ ಅದು ಯಾವತ್ತಾದರೂ ಮುರಿದೇ ಮುರಿಯುತ್ತದೆ. ಆ ತೂತು ಮುಚ್ಚಿ. ಹೊಸ ಬಾಯಿಯನ್ನು ಟ್ಯಾಂಕಿನ ಹಿಂದಿನ ಎಡ ಮೂಲೆಯಲ್ಲಿ, ಪಕ್ಕದ ಗೋಡೆಯಲ್ಲಿ, ಆದಷ್ಟು ಕೆಳಗೆ ತೆಗೆಯಿರಿ. ಎಡವೇ ಯಾಕೆಂದರೆ ನಾವು ನಿಲ್ಲಿಸುವುದು ರಸ್ತೆಯ ಎಡಕ್ಕೆ. ಹೋಸು ಸಿಕ್ಕಿಸುವಾಗ ವಾಹನ ಓಡುವ ಕಡೆ ನಿಲ್ಲಬೇಕಾಗುವುದಿಲ್ಲ. ಪೈಪ್ 50 ಎಂ.ಎಂ. ಹಾಕಿ. ಒಂದಿಂಚಿನ ನಲ್ಲಿಯಲ್ಲಿ ಅನ್ನದ ಅಗುಳು, ಕೂದಲು, ಸೋಪಿನ ಗಸಿ ಸೇರಿ ಕಟ್ಟಿಕೊಳ್ಳುತ್ತದೆ. ನಲ್ಲಿಯ ಬದಲು ತೋಟಕ್ಕೆ ಹಾಕುವ 50ರ ಬಾಲ್ ವಾಲ್ವ್ ಸಾಕು, ಅದರ ಹೊರಗೆ ಒಂದು ತಿರುಪಿನ ಕ್ಯಾಪ್. ವಾಲ್ವ್ ಒಸರಿದರೂ ರಸ್ತೆಗೆ ಬೀಳಬಾರದು.

ತಳದಲ್ಲಿ ಎರಡು ಮೂರು ಲೀಟರ್ ಉಳಿಯುತ್ತದೆ. ಅದಕ್ಕೆ ಖಾಲಿ ಮಾಡುವಾಗ ಮುಂದಿನ ಜಾಕಿ ಚಕ್ರವನ್ನು ತಿರುಗಿಸಿ ಮೂತಿ ಎತ್ತಿ. ಬಾಲ ತಗ್ಗುತ್ತದೆ, ನೀರೆಲ್ಲ ಹಿಂದಿನ ಮೂಲೆಗೆ ಬರುತ್ತದೆ.

ಮುಖ್ಯ ಮಾತು: ಆ ಟ್ಯಾಂಕಿನ ಪ್ಲಾಸ್ಟಿಕ್‌ಗೆ ಪಿವಿಸಿ ಪೇಸ್ಟ್ ಹಿಡಿಯುವುದಿಲ್ಲ. ಎಂ-ಸೀಲ್ ಕೂಡ ನಾಲ್ಕು ದಿನ ನಿಂತು ಎದ್ದು ಬರುತ್ತದೆ. ಟ್ಯಾಂಕ್ ನಿಪ್ಪಲ್ (ಒಂದು ಕಡೆ ತಲೆ, ಇನ್ನೊಂದು ಕಡೆ ನಟ್ ಇರುವ ತಿರುಪಿನ ತುಂಡು) ಮತ್ತು ರಬ್ಬರ್ ವಾಷರ್ ಹಾಕಿಯೇ ಜೋಡಿಸಬೇಕು. ನಿಪ್ಪಲ್‌ನಿಂದ ಮುಂದೆ ಒಂದು ತುಂಡು ದಪ್ಪ ರಬ್ಬರ್ ಹೋಸು, ಎರಡು ಕಡೆ ಸ್ಟೀಲ್ ಕ್ಲಿಪ್. ಟ್ಯಾಂಕ್ ಒಂದು ರೀತಿ ಅಲುಗುತ್ತದೆ, ಚಾಸಿ ಇನ್ನೊಂದು ರೀತಿ. ನಡುವೆ ಗಟ್ಟಿ ಪೈಪ್ ಇದ್ದರೆ ಬಿರುಕು ಬಿಡುವುದು ಅಲ್ಲೇ. ಉಳಿದ ಪೈಪನ್ನು ಎರಡೆರಡು ಅಡಿಗೆ ಪಟ್ಟಿ ಕ್ಲ್ಯಾಂಪ್‌ನಲ್ಲಿ ಕಟ್ಟಿ, ಒಳಗೆ ಹಳೆ ಟ್ಯೂಬಿನ ತುಂಡು ಇಡಿ. ಮನೆಗೆ ಹಾಕುವ ರಬ್ಬರ್ ರಿಂಗಿನ ಪೈಪ್ ಬೇಡ. ಮನೆ ಅಲುಗುವುದಿಲ್ಲ, ಗಾಡಿ ಅಲುಗುತ್ತದೆ. ರಿಂಗಿನ ಜಾಯಿಂಟ್ ಜಾರಿ ಬಿಡುತ್ತದೆ. ಪೇಸ್ಟ್ ಹಾಕುವುದೇ ತೆಗೆದುಕೊಳ್ಳಿ. ಚಾಸಿಗೆ ತೂತು ಕೊರೆಯಬೇಡಿ, ಸುತ್ತಿ ಕಟ್ಟಿ.

ಇನ್ನು ವಾಸನೆ. ಟ್ಯಾಂಕಿಗೆ ಗಾಳಿ ಪೈಪ್ ಇದೆಯಾ ನೋಡಿ. ನನಗೆ ಅನಿಸುವುದು, ಇಲ್ಲ. ನೀರು ಒಳಗೆ ಹೋಗಬೇಕಾದರೆ ಒಳಗಿನ ಗಾಳಿ ಹೊರಗೆ ಬರಬೇಕಲ್ವಾ? ದಾರಿ ಇಲ್ಲದಿದ್ದರೆ ಅದು ಸಿಂಕಿನ ಟ್ರ್ಯಾಪಿನಲ್ಲಿ, ಅಂದರೆ ವಾಸನೆ ತಡೆಯಲು ನೀರು ನಿಲ್ಲುವ ಬಾಗಿದ ಪೈಪಿನಲ್ಲಿ, ನಿಂತ ನೀರನ್ನು ತಳ್ಳಿಕೊಂಡು ಬರುತ್ತದೆ. ಗುಳುಗುಳು ಸದ್ದು ಕೇಳಿದ್ದೀರಾ? ಅದೇ ಇದು. ಆ ನೀರು ಹೋದರೆ ವಾಸನೆಗೆ ಅಡ್ಡ ಏನೂ ಇಲ್ಲ. ಟ್ಯಾಂಕಿನ ಮೇಲ್ಭಾಗದಿಂದ 32 ಎಂ.ಎಂ. ಪೈಪನ್ನು ಗೋಡೆಯ ಮೂಲೆಯಲ್ಲೇ ಏರಿಸಿ ಮಾಡಿನ (ಛಾವಣಿಯ) ಮೇಲಕ್ಕೆ ಬಿಡಿ, ಮಳೆಗೆ ಟೊಪ್ಪಿ ಇಡಿ. ಗಾಳಿ ಒಳಗೆ ಮಾತ್ರ ಬಿಡುವ ಸಣ್ಣ ವಾಲ್ವ್ ಅಂತ ಅಂಗಡಿಯವರು ಕೊಡುತ್ತಾರೆ. ಅದು ಸಿಂಕಿನ ಅಡಿಗೆ ಸರಿ, ಟ್ಯಾಂಕಿಗೆ ಸಾಲದು. ಟ್ಯಾಂಕಿನ ಗಾಳಿ ಹೊರಗೂ ಹೋಗಬೇಕು.

ಬಾಯಾರಿನಿಂದ

ಆ ಸುರುಳಿ ಹೋಸನ್ನು ಇವತ್ತೇ ಬಿಸಾಡಿ ಮಾಷ್ಟ್ರೇ. ಜೋತಲ್ಲಿ ನೀರು ನಿಂತು ಕೊಳೆಯುತ್ತದೆ, ಅರ್ಧ ವಾಸನೆ ಅಲ್ಲಿಂದಲೇ.

ಇಳಿತದ ಲೆಕ್ಕ ಯಾರೂ ಹೇಳಲಿಲ್ಲ. ಮೀಟರಿಗೆ 2 ಸೆಂ.ಮೀ. ಇಳಿಯಬೇಕು. ನಮ್ಮ ತಂದೆ ನೀರಿಗಾಗಿ ಸುರಂಗ ಕೊರೆಯುತ್ತಿದ್ದರು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಗೆ ಅಡ್ಡ ಕೊರೆಯುತ್ತಾ ಒಳಗೆ ಹೋದ ಹಾಗೆ ನೆಲವನ್ನು ಒಂಚೂರು ಏರಿಸುತ್ತಾ ಹೋಗುವುದು. ಪಂಪ್ ಇಲ್ಲ, ಕರೆಂಟ್ ಇಲ್ಲ, ನೀರು ತಾನಾಗಿ ಹೊರಗೆ ಬರುತ್ತದೆ. ಅಲ್ಲಿಂದ ಅಡಿಕೆ ಮರ ಸೀಳಿ ಮಾಡಿದ ದಂಬೆ ಇಟ್ಟು ಅಂಗಳದ ಟಾಂಕಿಗೆ. ಇಳಿತ ಕಮ್ಮಿಯಾದಲ್ಲಿ ಕೆಸರು ಕೂರುತ್ತದೆ ಎಂದು ಅವರು ಹೇಳುತ್ತಿದ್ದರು. ನಿಮ್ಮ ಪೈಪಿಗೂ ಅದೇ. ಅಳೆಯುವ ಮೊದಲು ಗಾಡಿಯನ್ನು ಸಮ ನಿಲ್ಲಿಸಿ. ಗಾರೆಯವರು ಮಟ್ಟ ನೋಡುವ ನೀರಿನ ಟ್ಯೂಬ್ ಎಲ್ಲಕ್ಕಿಂತ ಸರಿ ಹೇಳುತ್ತದೆ. 90 ಡಿಗ್ರಿಯ ಎಲ್ಬೋ ಬದಲು 45 ಡಿಗ್ರಿಯದ್ದು ಎರಡು ಹಾಕಿ.

ಉಪ್ಪಳ ಲಾರಿ

ಪೈಪಿನ ವಿಷಯ ನನಗೆ ಗೊತ್ತಿಲ್ಲ. ಆದರೆ ಟ್ಯಾಂಕ್ ಆಕ್ಸಲ್‌ನ ಹಿಂದೆ ಎಂದಿರಿ, ಅದಕ್ಕೆ ಬರೆಯುತ್ತಿದ್ದೇನೆ. 60 ಲೀಟರ್ ನೀರು ಎಂದರೆ 60 ಕಿಲೋ. ಅದು ಹಿಂದೆ ಕೂತರೆ ಮುಂದೆ ಕೊಂಡಿಯ ಮೇಲಿನ ಭಾರ ಕಮ್ಮಿಯಾಗುತ್ತದೆ, ತಕ್ಕಡಿಯ ಹಾಗೆ. ಇಂಥ ಟ್ರೈಲರ್‌ಗೆ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಇರಬೇಕು. ಅದಕ್ಕಿಂತ ಕಮ್ಮಿಯಾದರೆ ಸ್ಪೀಡಿನಲ್ಲಿ ಬಾಲ ಆಚೆ ಈಚೆ ಬೀಸುತ್ತದೆ. ಹೊಸ ಹೆದ್ದಾರಿ 66ರಲ್ಲಿ ಬಸ್ಸು ಪಕ್ಕದಿಂದ ಹೊಡೆದುಕೊಂಡು ಹೋದಾಗ ನಿಮಗೇ ಗೊತ್ತಾಗುತ್ತದೆ. ಒಳಗೆ ಅಮ್ಮನನ್ನು ಕೂರಿಸಿ ಎಳೆಯಬೇಡಿ, ಅವರು ಬೊಲೆರೊದಲ್ಲೇ ಕೂರಲಿ. ಕೊಳೆ ನೀರು ಖಾಲಿ ಮಾಡಿಯೇ ಹೊರಡಿ. ಅರ್ಧ ತುಂಬಿದ್ದು ಇನ್ನೂ ಕೆಟ್ಟದ್ದು, ತುಳುಕುತ್ತದೆ.

ಮಂಜೇಶ್ವರದ ಅಕ್ಕ

ಖಾಲಿ ಮಾಡಿಯೇ ಹೊರಡಿ ಎಂದರೆ ಎಲ್ಲಿ ಖಾಲಿ ಮಾಡುವುದು ಅಣ್ಣ? ನಾನೂ ನಮ್ಮವರೂ ವ್ಯಾನ್‌ನಲ್ಲಿ ಸುತ್ತುತ್ತೇವೆ, ನಮಗೆ ದೊಡ್ಡ ಕಷ್ಟ ಇದೇ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆ ನೀತಿ ತಂದಿತು. ಮೊದಲ ಪಾರ್ಕ್ ಆದದ್ದು ಇಡುಕ್ಕಿಯ ವಾಗಮಣ್‌ನಲ್ಲಿ. ನಾವಿರುವುದು ಕೇರಳದ ಈ ಉತ್ತರ ತುದಿಯಲ್ಲಿ.

ಮಾಷ್ಟ್ರೇ, ದಯವಿಟ್ಟು ತೋಡಿಗೆ (ಸಣ್ಣ ಹಳ್ಳಕ್ಕೆ) ಬಿಡಬೇಡಿ. ಬರೀ ಸೋಪು ನೀರು ಅಲ್ವಾ ಅಂತ ತುಂಬ ಜನ ಬಿಡುತ್ತಾರೆ. ಮಾರ್ಚ್ ಆದ ಮೇಲೆ ನಮ್ಮ ತೋಡುಗಳಲ್ಲಿ ಹರಿವೇ ಇಲ್ಲ, ಬರೀ ಗುಂಡಿಗಳಲ್ಲಿ ನಿಂತ ನೀರು. ಅದನ್ನೇ ದನ ಕುಡಿಯುತ್ತದೆ, ಅದರ ಪಕ್ಕವೇ ಬಾವಿ. ಮುರಕಲ್ಲಿನಲ್ಲಿ ನೀರು ಬೇಗ ಇಳಿದು ಹೋಗುತ್ತದೆ, ಶೋಧಿಸುವಷ್ಟು ಹೊತ್ತು ನಿಲ್ಲುವುದಿಲ್ಲ. ನಾವು ಮಾಡುವುದು ಹೀಗೆ: ಸಿಂಕಿಗೆ ಸ್ಟೀಲ್ ಜಾಲರಿ, ತಟ್ಟೆಯನ್ನು ಮೊದಲು ಕಾಗದದಲ್ಲಿ ಒರೆಸಿಯೇ ತೊಳೆಯುವುದು. ಎಣ್ಣೆ ಜಿಡ್ಡು ಒಳಗೆ ಹೋಗಲೇಬಾರದು. ತುಂಬಿದ ನೀರನ್ನು ಗೊತ್ತಿದ್ದವರ ತೋಟದಲ್ಲಿ ಕೇಳಿ, ಬಾವಿಯಿಂದ ದೂರದ ಬಾಳೆ ಬುಡಗಳಿಗೆ ಹಂಚಿ ಬಿಡುವುದು. ಒಂದೇ ಕಡೆ ಸುರಿಯುವುದಿಲ್ಲ. ಇಲ್ಲ ಎಂದು ಹೇಳಿದವರು ಇದುವರೆಗೆ ಒಬ್ಬರೂ ಇಲ್ಲ.

ಕಮೋಡ್ ಪೆಟ್ಟಿಗೆಯನ್ನು ಮನೆಯ ಕಕ್ಕಸಿಗೇ ಸುರಿಯಿರಿ. ಅದಕ್ಕೆ ಫಿನೈಲ್, ಬ್ಲೀಚಿಂಗ್ ಹಾಕಬೇಡಿ. ಗುಂಡಿಯಲ್ಲಿ ಕೊಳೆಯಿಸುವ ಜೀವಿಗಳು ಸಾಯುತ್ತವೆ. ಅಮ್ಮನಿಗೆ ಒಂದು ಹಿಡಿಕೆ ಹಾಕಿದ್ದೀರಾ? ಕಮೋಡ್ ಪಕ್ಕ, ಬಲಗೈಗೆ ಸಿಗುವಂತೆ. ಅದು ಪೈಪಿಗಿಂತ ಮೊದಲು ಆಗಲಿ.

ಬದಿಯಡ್ಕ ಮಾಷ್ಟ್ರು

ಮೂರು ಭಾನುವಾರ ಕೆಲಸ ಮಾಡಿ ಈಗ ಬರೆಯುತ್ತಿದ್ದೇನೆ. ಅಕ್ಕ, ಹಿಡಿಕೆ ಮೊದಲ ದಿನವೇ ಹಾಕಿದೆ. ಅಮ್ಮ ಎರಡು ಸಲ ಹತ್ತಿ ಕೂತು ನೋಡಿ, ಇನ್ನು ಎರಡು ಬೆರಳು ಕೆಳಗೆ ಬೇಕು ಎಂದರು. ತೆಗೆದು ಮತ್ತೆ ಹಾಕಿದೆ.

ಕುಂಬಳೆಯವರೇ, ನೀವು ಹೇಳಿದ್ದು ಸರಿ. ಗಾಳಿ ಪೈಪ್ ಇರಲೇ ಇಲ್ಲ. ಟ್ಯಾಂಕ್ ಇಳಿಸಿ ನೋಡಿದರೆ ಮೇಲೆ ಅದಕ್ಕೆಂದು ಬಿಟ್ಟ ತೂತಿಗೆ ಯಾರೋ ಕ್ಯಾಪ್ ಹಾಕಿ ಟೇಪ್ ಸುತ್ತಿದ್ದರು. ಅಲ್ಲಿಂದ ಪೈಪ್ ಏರಿಸಿದೆ. ಮಾಡಿಗೆ ತೂತು ಕೊರೆಯುವಾಗ ಕೈ ನಡುಗಿತು, ನಮ್ಮ ಮಳೆ ಗೊತ್ತಲ್ಲ. ಸುತ್ತ ಸಿಲಿಕಾನ್ ಎರಡು ಸಲ ಹಾಕಿದೆ. ಮರುದಿನ ಸಿಂಕಿಗೆ ಒಂದು ಬಕೆಟ್ ನೀರು ಒಮ್ಮೆಲೇ ಸುರಿದರೆ ಗುಳುಗುಳು ಇಲ್ಲ! ಸುಮ್ನೆ ಇಳಿದು ಹೋಯಿತು. ಅದನ್ನು ನೋಡಲಿಕ್ಕೇ ಇನ್ನೊಂದು ಬಕೆಟ್ ಸುರಿದೆ.

ಸಿಂಕಿನಿಂದ ಟ್ಯಾಂಕಿಗೆ 2.8 ಮೀಟರ್. ಸುಮಾರು 6 ಸೆಂ.ಮೀ. ಇಳಿತ ಬೇಕಲ್ಲ, ಹಾಸಿಗೆ ಕೆಳಗಿನ ಹಲಗೆಗೆ ತಾಗುತ್ತಿತ್ತು. ಹಲಗೆಯನ್ನೇ ಸ್ವಲ್ಪ ಕೊರೆದೆ. ಬಾಯಾರಿನವರ ಮಾತು ತಲೆಯಲ್ಲಿತ್ತು, ಇಳಿತದಲ್ಲಿ ರಾಜಿ ಮಾಡಲಿಲ್ಲ. ಬಚ್ಚಲಿನ ಲೈನಿಗೆ ಬೇರೆ ಒಂದು ಬಾಲ್ ವಾಲ್ವ್ ಇಟ್ಟೆ. ಸ್ನಾನ ಇಲ್ಲದಾಗ ಮುಚ್ಚಿಡುವುದು. ಇನ್ನು ಟ್ಯಾಂಕ್ ತುಂಬಿದರೂ ಅಲ್ಲಿಂದ ಮೇಲೆ ಬರಲಾರದು. ಜಾಲರಿಯೊಳಗೆ ಕೂರಿಸುವ ಸಿಲಿಕಾನ್ ಪದರವನ್ನೂ ಹಾಕಿದೆ. ನೀರು ಇಳಿಯುವಾಗ ತೆರೆದು ತಾನಾಗಿ ಮುಚ್ಚುತ್ತದೆ. ಗಾಡಿ ಕುಲುಕಿ ಟ್ರ್ಯಾಪಿನ ನೀರು ಚೆಲ್ಲಿದರೂ ಇದು ವಾಸನೆ ತಡೆಯುತ್ತದೆ.

ಈಗ ಪೂರಾ ಗಾಡಿಯಲ್ಲಿ ಅತಿ ಕೆಳಗಿರುವುದು ಆಕ್ಸಲ್, ಪೈಪ್ ಅಲ್ಲ. ಮನೆಯ ಏರಿನಲ್ಲಿ ಆರು ಸಲ ಹತ್ತಿಸಿ ಇಳಿಸಿದೆ. ಉಜ್ಜಲಿಲ್ಲ.

ಒಂದು ತೊಂದರೆ ಉಳಿದಿದೆ. ಟ್ಯಾಂಕ್ ತುಂಬಿಸಿ, ನೀರಿಗೆ ಬಟ್ಟೆಯ ನೀಲಿ ಬೆರೆಸಿ, ಪ್ರತಿ ಜಾಯಿಂಟಿನ ಕೆಳಗೆ ಪೇಪರ್ ಹಾಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಎಲ್ಲ ಪೇಪರ್ ಒಣಗಿಯೇ ಇತ್ತು, ಟ್ಯಾಂಕ್ ನಿಪ್ಪಲ್‌ನ ಕೆಳಗೆ ಮಾತ್ರ ನಾಲ್ಕಾಣೆಯಷ್ಟು ಅಗಲದ ನೀಲಿ ಕಲೆ. ನಟ್ ಇನ್ನೂ ಬಿಗಿದೆ, ವಾಷರ್ ಪಿಸುಕಿ ಹೊರಗೆ ಬಂತು. ಕಲೆ ದೊಡ್ಡದಾಯಿತು.

ಕುಂಬಳೆ ಪೈಪಿನವ

ವಾಷರ್ ಹೊರಗಿನ ನಟ್ ಕಡೆ ಹಾಕಿದ್ದೀರಿ ಅಲ್ವಾ? ಅದು ಟ್ಯಾಂಕಿನ ಒಳಗೆ, ನಿಪ್ಪಲ್‌ನ ತಲೆಗೂ ಗೋಡೆಗೂ ನಡುವೆ ಬರಬೇಕು. ಹೊರಗೆ ಹಾಕಿದರೆ ನೀರು ತಿರುಪಿನ ಹಲ್ಲು ಹಿಡಿದು ಬರುತ್ತದೆ, ನಟ್ ತಿರುಗುವಾಗ ರಬ್ಬರೂ ತಿರುಚುತ್ತದೆ. ಒಳಗೆ ಕೈ ಹೋಗದಿದ್ದರೆ ಒಂದು ದಾರ ತೆಗೆದುಕೊಳ್ಳಿ. ಕೆಳಗಿನ ತೂತಿನಿಂದ ಒಳಗೆ ತೂರಿಸಿ, ಮೇಲಿನ ಮುಚ್ಚಳದಿಂದ ಕಡ್ಡಿಯಲ್ಲಿ ಹಿಡಿದು ಹೊರಗೆ ಎಳೆಯಿರಿ. ನಿಪ್ಪಲ್‌ಗೆ ವಾಷರ್ ಹಾಕಿ, ಅದರ ಹೊಟ್ಟೆಯೊಳಗೆ ದಾರ ದಾಟಿಸಿ, ತಲೆಯ ಕಡೆ ದೊಡ್ಡ ಗಂಟು. ಈಗ ಕೆಳಗಿನಿಂದ ಎಳೆದರೆ ತಾನೇ ತೂತಿಗೆ ಬಂದು ಕೂರುತ್ತದೆ. ತೂತಿನ ಅಂಚಿನ ಜುಂಗನ್ನು ಬ್ಲೇಡಿನಲ್ಲಿ ತೆಗೆದಿರಬೇಕು. ನಟ್ ಕೈಯಲ್ಲಿ ಬಿಗಿಯಿರಿ, ಆಮೇಲೆ ಪಾನದಲ್ಲಿ (ಸ್ಪ್ಯಾನರ್‌ನಲ್ಲಿ) ಕಾಲು ಸುತ್ತು. ಅಷ್ಟೇ, ಜಾಸ್ತಿ ಬೇಡ.

ಬದಿಯಡ್ಕ ಮಾಷ್ಟ್ರು

ದಾರ ಹಾಕಿಯೇ ಮಾಡಿದೆ. ಅರ್ಧ ಗಂಟೆ ಹಿಡಿಯಿತು. ಎರಡು ರಾತ್ರಿ ಪೇಪರ್ ಒಣಗಿಯೇ ಇದೆ.

ನಿನ್ನೆ ಅಮ್ಮನನ್ನು ಬೊಲೆರೊದಲ್ಲಿ ಕೂರಿಸಿ ಬೇಕಲ ಕೋಟೆಗೆ ಹೋಗಿ ಬಂದೆವು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನಿಲ್ಲಿಸಿದೆ. ಕೋಟೆಯ ಹೊರಗೆ ಬೊಂಡ ಕುಡಿಯುವಿರಾ ಎಂದು ಕೇಳಿದೆ. ಎರಡು ಕುಡಿದರು.

ಮಂಜೇಶ್ವರದ ಅಕ್ಕ

ಓದಿ ತುಂಬ ಖುಷಿಯಾಯಿತು ಮಾಷ್ಟ್ರೇ. ಈ ಕಡೆ ಬಂದಾಗ ನಮ್ಮ ತೋಟದಲ್ಲಿ ಬಾಳೆ ಇದೆ, ನೀರು ಇಲ್ಲೇ ಬಿಡಿ. ಅಮ್ಮನನ್ನೂ ಕರೆದುಕೊಂಡು ಬನ್ನಿ.